ಲಿವಿಂಗ್ ಹಿಸ್ಟರಿ ಫಾರ್ಮ್ಸ್, ಅಯೋವಾ: ಕೊಟ್ಟಿಗೆಯ ಕಡೆಯಿಂದ ಒಂದು ವಿಮರ್ಶೆ

ಮಕ್ಕಳ ಮನೆಗೆಂದು ಅಮೆರಿಕದ ಅಯೋವಾ ರಾಜ್ಯದ ರಾಜಧಾನಿ ಡೆಮೊಯ್ನ್ ನಗರಕ್ಕೆ ಬರುವ ಕನ್ನಡದ ತಂದೆತಾಯಂದಿರ ದಿನಚರಿ ಬಹುತೇಕ ಒಂದೇ ಬಗೆಯದು. ಮೊದಲ ವಾರ ಚಿನ್ನದ ಗುಮ್ಮಟದ ಶಾಸನಸಭಾ ಭವನ, ಎರಡನೆಯ ವಾರ ಮ್ಯಾಡ್ರಿಡ್ ಎಂಬ ಸಣ್ಣ ಊರಿನ ಹೊಲಗಳ ನಡುವೆ ಇರುವ ಹಿಂದೂ ದೇವಸ್ಥಾನ, ಅದಾದ ಮೇಲೆ ಕಿಟಕಿಯಾಚೆ ಮುಗಿಯದ ಮೆಕ್ಕೆಜೋಳದ ಹೊಲಗಳನ್ನು ನೋಡುತ್ತ ಕಾಲ ಕಳೆಯುವುದು. ನನಗೂ ಹೀಗೇ ಆಯಿತು. ಕರ್ನಾಟಕದ ಪಶುಪಾಲನಾ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಪಶುವೈದ್ಯನಾಗಿ ಕೆಲಸ ಮಾಡಿ, ಕಡೂರು, ತರೀಕೆರೆ, ತಿಪಟೂರಿನ ಕೊಟ್ಟಿಗೆಗಳಲ್ಲಿ ಅರ್ಧ ಆಯುಷ್ಯ ಕಳೆದ ನನಗೆ, ಹಂದಿ ಮತ್ತು ಜೋಳಕ್ಕೆ ಹೆಸರಾದ ರಾಜ್ಯದಲ್ಲಿ ಕುಳಿತು ಒಂದು ದನದ ಮುಖವನ್ನೂ ಹತ್ತಿರದಿಂದ ನೋಡದೆ ಮೂರು ವಾರ ಕಳೆದದ್ದು ವಿಚಿತ್ರವೆನಿಸಿತು. ಸುಮಾರು 30 ಲಕ್ಷ ಜನರಿರುವ ಈ ರಾಜ್ಯದಲ್ಲಿ 2 ಕೋಟಿಗೂ ಹೆಚ್ಚು ಹಂದಿಗಳಿವೆ. ಆದರೆ ಹೆಚ್ಚುಕಡಿಮೆ ಅವೆಲ್ಲವೂ ಕಿಟಕಿಯಿಲ್ಲದ ಉದ್ದನೆಯ ಕಟ್ಟಡಗಳ ಒಳಗಿರುವುದರಿಂದ ರಸ್ತೆಯಲ್ಲಿ ಹೋಗುವವರಿಗೆ ಒಂದೂ ಕಾಣುವುದಿಲ್ಲ. ಆಗ ಮಗಳು ಕರೆದುಕೊಂಡು ಹೋದದ್ದು ಲಿವಿಂಗ್ ಹಿಸ್ಟರಿ ಫಾರ್ಮ್ಸ್‌ಗೆ. ಜೂನ್ ತಿಂಗಳಲ್ಲಿ ಒಮ್ಮೆ ಹೋದವನು ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ನಾನೇ ಹಟ ಹಿಡಿದು ಹೋದೆ.

ಇದು ಡೆಮೊಯ್ನ್‌ಗೆ ಅಂಟಿಕೊಂಡಿರುವ ಅರ್ಬನ್‌ಡೇಲ್‌ನಲ್ಲಿ, ಹಿಕ್‌ಮನ್ ರಸ್ತೆಯ ಪಕ್ಕದಲ್ಲಿ, ಸುಮಾರು 500 ಎಕರೆಯಲ್ಲಿ ಹರಡಿರುವ ಬಯಲು ವಸ್ತುಸಂಗ್ರಹಾಲಯ. ಗಾಜಿನ ಪೆಟ್ಟಿಗೆಯಲ್ಲಿ ನೇಗಿಲಿಟ್ಟು ಚೀಟಿ ಅಂಟಿಸಿದ ಜಾಗವಲ್ಲ. ಮೂರು ಬೇರೆ ಬೇರೆ ಕಾಲದ ಬೇಸಾಯವನ್ನು, ಅಂದರೆ 1700ರ ಸುಮಾರಿನ ಅಯೊವೇ ಬುಡಕಟ್ಟಿನವರ ಕೃಷಿ, 1850ರ ವಲಸಿಗರ ಹೊಲ ಮತ್ತು 1900ರ ಕುದುರೆ ಬೇಸಾಯ, ಈ ಮೂರನ್ನೂ ನಿಜವಾದ ಮಣ್ಣಿನಲ್ಲಿ, ನಿಜವಾದ ಪ್ರಾಣಿಗಳನ್ನು ಕಟ್ಟಿಕೊಂಡು ಇಲ್ಲಿ ಇಂದಿಗೂ ನಡೆಸುತ್ತಾರೆ. ಇವುಗಳ ಜೊತೆಗೆ 1876ರ ಕಾಲದ ವಾಲ್‌ನಟ್ ಹಿಲ್ ಎಂಬ ಪೇಟೆಯನ್ನು ಕಟ್ಟಿ ನಿಲ್ಲಿಸಿದ್ದಾರೆ. ಇದನ್ನು ಸ್ಥಾಪಿಸಿದವರು ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಕೃಷಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ವಿಲಿಯಂ ಮರ್ರೆ. ರಾಜ್ಯಪಾಲರ ಹುದ್ದೆಗೆ ಎರಡು ಬಾರಿ ಸ್ಪರ್ಧಿಸಿ ಸೋತ ಅವರು 1970ರಲ್ಲಿ ಇದನ್ನು ತೆರೆದರು. ಜಮೀನಿನ ಬೆಲೆ ಕಟ್ಟುವುದು ಅವರ ಪರಿಣತಿಯ ವಿಷಯವಾಗಿತ್ತು. ಚುನಾವಣೆ ಗೆದ್ದಿದ್ದರೆ ಈ ಜಾಗ ಹುಟ್ಟುತ್ತಿತ್ತೋ ಇಲ್ಲವೋ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಪ್ರವೇಶದ್ವಾರದಿಂದ ಹೊಲಗಳ ಕಡೆಗೆ ಟ್ರ್ಯಾಕ್ಟರ್ ಎಳೆಯುವ ಗಾಡಿಯಲ್ಲಿ ಕೂರಿಸಿ ಒಯ್ಯುತ್ತಾರೆ. ಎತ್ತು ಕುದುರೆಗಳ ಕಾಲಕ್ಕೆ ನಮ್ಮನ್ನು ಟ್ರ್ಯಾಕ್ಟರೇ ಮುಟ್ಟಿಸಬೇಕಾಗಿರುವ ತಮಾಷೆಯನ್ನು ಅಲ್ಲಿ ಯಾರೂ ಎತ್ತಿ ಆಡುವುದಿಲ್ಲ. ಮೊಣಕಾಲು ನೋವಿರುವ ಹಿರಿಯರಿಗೆ ಈ ಗಾಡಿ ದೊಡ್ಡ ಉಪಕಾರ. ಆದರೂ ಒಂದು ಹೊಲದಿಂದ ಇನ್ನೊಂದಕ್ಕೆ ಕಾಡುದಾರಿಯಲ್ಲಿ ನಡೆಯುವಷ್ಟು ಶಕ್ತಿ ಇದ್ದವರು ನಡೆಯುವುದೇ ಒಳ್ಳೆಯದು, ಏಕೆಂದರೆ ನೂರೈವತ್ತು ವರ್ಷಗಳ ದೂರ ಕಾಲಿಗೆ ಸ್ವಲ್ಪವಾದರೂ ತಿಳಿಯುತ್ತದೆ.

ಅಯೊವೇ ಹೊಲದ ವಿಷಯವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಮರದ ತೊಗಟೆ ಹೊದಿಸಿದ ಮನೆ, ಬೈಸನ್ ಎಂಬ ಅಮೆರಿಕದ ಕಾಡುಕೋಣದ ಹೆಗಲಿನ ಮೂಳೆಯಿಂದ ಮಾಡಿದ ಗುದ್ದಲಿ, ಒಂದೇ ಮಡಿಯಲ್ಲಿ ಬೆಳೆದ ಜೋಳ, ಹುರುಳಿಕಾಯಿ ಮತ್ತು ಕುಂಬಳ, ಇವೆಲ್ಲವೂ ಅಚ್ಚುಕಟ್ಟಾಗಿವೆ. ಬೇಸಾಯವೆಲ್ಲ ಹೆಂಗಸರ ಕೈಯಲ್ಲಿತ್ತು ಎಂಬುದನ್ನು ಅಲ್ಲಿ ಸ್ಪಷ್ಟವಾಗಿ ತೋರಿಸುತ್ತಾರೆ. ನಮ್ಮ ಅಕ್ಕಡಿ ಸಾಲಿನ ಪರಿಚಯವಿದ್ದವರಿಗೆ ಆ ಮಡಿ ಹೊಸದೆನಿಸುವುದಿಲ್ಲ. ಆದರೆ ಅಲ್ಲಿ ಸಾಕಿದ ದನವಿಲ್ಲ, ಹಂದಿಯಿಲ್ಲ, ಕುದುರೆಯಿಲ್ಲ. ನಾನು ಹುಡುಕಿಕೊಂಡು ಹೋದ ವಿಷಯ ಅಲ್ಲಿಂದ ಮುಂದೆ ಶುರುವಾಗುತ್ತದೆ.

1850ರ ಹೊಲದಲ್ಲಿ ಮರದ ದಿಮ್ಮಿಯ ಮನೆ, ಒಂದು ಜೊತೆ ಎತ್ತು, ಸೀಳಿದ ಮರದ ತುಂಡುಗಳನ್ನು ಅಂಕುಡೊಂಕಾಗಿ ಜೋಡಿಸಿದ ಬೇಲಿ ಇವೆ. ಹೆಚ್ಚಿನವರು ಎತ್ತಿನ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ. ನಾನು ಬೇಲಿಯ ಹತ್ತಿರ ನಿಂತೆ, ಏಕೆಂದರೆ ಆ ಬೇಲಿ ಇರುವುದು ದನವನ್ನು ಒಳಗಿಡಲು ಅಲ್ಲ, ಹೊರಗಿಡಲು. ಬೇಲಿ ಬೆಳೆಯ ಸುತ್ತ ಇತ್ತು. ದನ ಮತ್ತು ಹಂದಿಗಳು ಬಯಲಿನಲ್ಲೂ ಕಾಡಿನಲ್ಲೂ ತಮ್ಮಷ್ಟಕ್ಕೆ ಮೇಯುತ್ತಿದ್ದವು. ಯಾರ ಹಂದಿ ಯಾವುದೆಂದು ತಿಳಿಯಲು ಕಿವಿಗೆ ಗುರುತಿನ ಕಚ್ಚು ಹಾಕಿ, ಆ ಗುರುತನ್ನು ಸರ್ಕಾರಿ ಕಚೇರಿಯಲ್ಲಿ ಬರೆಸಿಡುತ್ತಿದ್ದರು. ಅಜ್ಜಂಪುರದ ಸುತ್ತಿನ ಅಮೃತಮಹಲ್ ಕಾವಲುಗಳನ್ನು ಕಂಡವನಿಗೆ ಬಯಲು ಮೇವು ಹೊಸದಲ್ಲ, ಆದರೆ ಒಂದು ದೊಡ್ಡ ವ್ಯತ್ಯಾಸವಿದೆ: ನಮ್ಮ ಕಾವಲುಗಳಲ್ಲಿ ಮೈಸೂರು ಅರಸರ ಕಾಲದಿಂದಲೂ ಯಾವ ಹೋರಿ ಹಿಂಡಿನಲ್ಲಿರಬೇಕು, ಯಾವುದರ ಬೀಜ ಒಡೆಯಬೇಕು ಎಂದು ನಿರ್ಧರಿಸುವ ಸೇರ್ವೆಗಾರರಿದ್ದರು, ಅಯೋವಾದ ಬಯಲಿನಲ್ಲಿ 1850ರಲ್ಲಿ ಆ ನಿರ್ಧಾರ ಮಾಡುವವರು ಯಾರೂ ಇರಲಿಲ್ಲ. ಪಕ್ಕದವನ ಬಡಕಲು ಗೂಳಿ ನಿನ್ನ ಒಳ್ಳೆಯ ಹಸುವಿನ ಬಳಿಗೆ ಬಂದರೆ ನೀನು ಏನೂ ಮಾಡುವಂತಿರಲಿಲ್ಲ. ಆದ್ದರಿಂದಲೇ ನನ್ನ ಲೆಕ್ಕದಲ್ಲಿ ಮಧ್ಯಪಶ್ಚಿಮದ (ಅಯೋವಾ, ಇಲಿನಾಯ್, ಓಹಾಯೋ ಮುಂತಾದ ರಾಜ್ಯಗಳ) ಒಬ್ಬ ತಳಿಗಾರ ರೈತನ ಬದುಕು ಶುರುವಾಗುವುದು ಬೀಜದ ಹೋರಿಯಿಂದ ಅಲ್ಲ, ಬೇಲಿಯಿಂದ. ಮರ ಕಡಿಮೆಯಿದ್ದ ಹುಲ್ಲುಗಾವಲಿನಲ್ಲಿ ಮೊದಲು ಮುಳ್ಳುಗಿಡದ ಬೇಲಿ ಬೆಳೆಸಿದರು. 1874ರಲ್ಲಿ ಇಲಿನಾಯ್ ರಾಜ್ಯದ ಡಿಕಾಲ್ಬ್ ಊರಿನ ರೈತ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ ಬೇಲಿ ಅಗ್ಗವಾಯಿತು, ದನಗಳು ಒಳಗೆ ಬಂದವು, ಹಸುವಿನ ಗಂಡ ಯಾರೆಂಬುದು ರೈತನ ಕೈಗೆ ಬಂತು.

ಈ ಬದಲಾವಣೆಯ ಮಧ್ಯದ ಕಾಲವನ್ನು ತೋರಿಸುವುದು ವಾಲ್‌ನಟ್ ಹಿಲ್ ಪೇಟೆಯ ಬದಿಯಲ್ಲಿರುವ ಫ್ಲಿನ್ ಮನೆ ಮತ್ತು ಫ್ಲಿನ್ ಕೊಟ್ಟಿಗೆ. ಈ ಜಾಗಕ್ಕೆ ಹೋದವರು ಕುಲುಮೆ, ಮುದ್ರಣದ ಅಂಗಡಿ, ಟೋಪಿ ಅಂಗಡಿ, ಒಂದೇ ಕೋಣೆಯ ಶಾಲೆ ಎಲ್ಲವನ್ನೂ ನೋಡುತ್ತಾರೆ. ಅವು ಚೆನ್ನಾಗಿಯೇ ಇವೆ, ಕುಲುಮೆಯವನು ಕಾದ ಕಬ್ಬಿಣ ಬಡಿಯುವುದನ್ನು ನನ್ನ ಮೊಮ್ಮಗ ಅರ್ಧ ಗಂಟೆ ನೋಡಿದ. ಆದರೆ ಬೇರೆ ಕಟ್ಟಡಗಳನ್ನು ಪೇಟೆಯ ಚಿತ್ರ ಪೂರ್ತಿಯಾಗಲೆಂದು ಸೇರಿಸಿದ್ದರೆ, ಫ್ಲಿನ್ ಕೊಟ್ಟಿಗೆ ಈ ನೆಲದ ಮೇಲೇ ಹುಟ್ಟಿದ್ದು. ಐರ್ಲೆಂಡಿನಿಂದ ಬಡವನಾಗಿ ಬಂದು, ರೈಲುಹಾದಿ ಹಾಕುವ ಗುತ್ತಿಗೆಯಲ್ಲಿ ಹಣ ಮಾಡಿದ ಮಾರ್ಟಿನ್ ಫ್ಲಿನ್ ಎಂಬಾತ 1870ರ ಹೊತ್ತಿಗೆ ಇಲ್ಲಿ ಕೊಟ್ಟಿಗೆ, ಮನೆ ಕಟ್ಟಿಸಿ ಶಾರ್ಟ್‌ಹಾರ್ನ್ ದನಗಳ ತಳಿಗಾರನಾದ. ಆ ಮನೆಯನ್ನು ನೋಡಿದವರು ಅದರ ಅಂದವನ್ನು ಹೊಗಳುತ್ತಾರೆ. ನನಗಾದರೋ ಮನೆಗಿಂತ ಕೊಟ್ಟಿಗೆಯೇ ಹೆಚ್ಚು ಮಾತಾಡಿತು. ಅಷ್ಟು ಎತ್ತರದ ಅಟ್ಟ ಕಟ್ಟಿಸಬೇಕಾದರೆ ಚಳಿಗಾಲದ ಐದು ತಿಂಗಳೂ ದನಕ್ಕೆ ಒಣಹುಲ್ಲು ಮೇಲಿನಿಂದ ಇಳಿಸಬೇಕೆಂಬ ಲೆಕ್ಕವಿರಬೇಕು, ಮತ್ತು ಒಳಗೆ ಕಟ್ಟುವ ದನಗಳು ಆ ಹುಲ್ಲಿನ ಖರ್ಚಿಗೆ ತಕ್ಕ ಬೆಲೆಯವಾಗಿರಬೇಕು.

ಆ ಕಾಲದ ಶಾರ್ಟ್‌ಹಾರ್ನ್ ದನಗಳ ಬೆಲೆ ನಮ್ಮ ಊಹೆಗೆ ಮೀರಿದ್ದು. 1873ರಲ್ಲಿ ನ್ಯೂಯಾರ್ಕ್ ಮಿಲ್ಸ್ ಎಂಬಲ್ಲಿ ನಡೆದ ಹರಾಜಿನಲ್ಲಿ ‘ಏಯ್ತ್ ಡಚೆಸ್ ಆಫ್ ಜಿನೀವಾ’ ಎಂಬ ಒಂದು ಹಸು 40,600 ಡಾಲರಿಗೆ ಹೋಯಿತು. ಆ ಹಸು ಹಾಲು ಕೊಟ್ಟು ಅಥವಾ ಮಾಂಸವಾಗಿ ಆ ಹಣವನ್ನು ಹಿಂತಿರುಗಿಸುವ ಮಾತೇ ಇರಲಿಲ್ಲ. ಕೊಂಡವರು ಕೊಂಡದ್ದು ಅದರ ವಂಶಾವಳಿಯನ್ನು. ಇಂಗ್ಲೆಂಡಿನಲ್ಲಿ 1822ರಲ್ಲಿ ಶಾರ್ಟ್‌ಹಾರ್ನ್ ತಳಿಯ ವಂಶದಾಖಲೆ ಪುಸ್ತಕ ಶುರುವಾಗಿತ್ತು. ಅಮೆರಿಕದಲ್ಲಿ 1846ರಲ್ಲಿ ಅಂಥದ್ದೇ ಪುಸ್ತಕ ಬಂತು. ದನದ ಬೆಲೆ ಮೈಯಿಂದ ಕಾಗದಕ್ಕೆ ಜಾರಿದ್ದು ಹೀಗೆ. ಕೆಲವು ವರ್ಷ ಕೆಂಪು ಬಣ್ಣದ ಮೋಹ ಎಷ್ಟು ಹೆಚ್ಚಿತೆಂದರೆ, ಕೆಂಪು ಬಿಳಿ ಬೆರೆತ ಒಳ್ಳೆಯ ಹೋರಿಗಳನ್ನು ಬಿಟ್ಟು ಸಾಧಾರಣ ಕೆಂಪು ಹೋರಿಗಳನ್ನು ಇಟ್ಟುಕೊಂಡು ತಳಿಯನ್ನೇ ಕೆಡಿಸಿಕೊಂಡವರು ಮಧ್ಯಪಶ್ಚಿಮದಲ್ಲಿ ಬೇಕಾದಷ್ಟು ಮಂದಿ. ಇದನ್ನು ಓದಿ ನಗುವ ಹಕ್ಕು ನಮಗಿಲ್ಲ. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಎದೆ, ಕಾಲು, ಗೊರಸು ಎಲ್ಲವೂ ಸರಿಯಿದ್ದ ಹಳ್ಳಿಕಾರ್ ಹೋರಿಯನ್ನು ಬೆನ್ನ ಮೇಲಿನ ಒಂದು ಸುಳಿ ಸರಿಯಿಲ್ಲವೆಂದು ಬಿಟ್ಟು ಹೋದ ರೈತರನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಫ್ಲಿನ್‌ನ ಈ ಜಮೀನು ಆಮೇಲೆ ಸರ್ಕಾರದ ಕೈಗೆ ಹೋಗಿ ಕೈದಿಗಳು ದುಡಿಯುವ ಹೊಲವಾಯಿತು. 1979ರ ಅಕ್ಟೋಬರ್ 4ರಂದು ಎರಡನೆಯ ಜಾನ್ ಪಾಲ್ ಪೋಪ್ ಇದೇ ಬಯಲಿನಲ್ಲಿ ಸುಮಾರು 3.5 ಲಕ್ಷ ಜನರ ಎದುರು ಪೂಜೆ ನಡೆಸಿದರು. ಅವರನ್ನು ಇಲ್ಲಿಗೆ ಕರೆತಂದದ್ದು ಅಯೋವಾದ ಒಬ್ಬ ರೈತ ಕೈಯಾರೆ ಬರೆದ ಆಹ್ವಾನದ ಪತ್ರ. ಅಷ್ಟು ಜನ ನಿಂತ ಜಾಗದಲ್ಲಿ ಈಗ ಗಾಳಿಗೆ ಹುಲ್ಲು ಬಾಗುವ ಸದ್ದು ಮಾತ್ರ ಕೇಳುತ್ತದೆ.

ಈಗ 1900ರ ಹೊಲಕ್ಕೆ ಬರುತ್ತೇನೆ. ಟಿಕೆಟ್ಟಿನ ಹಣಕ್ಕೆ ನ್ಯಾಯ ಸಿಗುವುದು ಇಲ್ಲಿಯೇ, ಮತ್ತು ನಿಮ್ಮ ಬಳಿ ಎರಡೇ ಗಂಟೆ ಇದ್ದರೆ ಉಳಿದದ್ದನ್ನೆಲ್ಲ ಬಿಟ್ಟು ಇಲ್ಲಿಗೆ ಬನ್ನಿ ಎಂದು ಧೈರ್ಯವಾಗಿ ಹೇಳುತ್ತೇನೆ. ಬಿಳಿ ಬಣ್ಣದ ಮನೆ, ದೊಡ್ಡ ಕೊಟ್ಟಿಗೆ, ನೀರೆತ್ತುವ ಗಾಳಿಯಂತ್ರ, ಕೋಳಿಗೂಡು, ಜೋಳದ ಕಣಜ, ತರಕಾರಿ ತೋಟ, ಎಲ್ಲವೂ ಒಂದು ಸಂಸಾರ ಈಗಷ್ಟೇ ಹೊಲಕ್ಕೆ ಹೋಗಿದೆಯೇನೋ ಎನ್ನುವಂತಿವೆ. ಆ ಕಾಲದ ಉಡುಗೆ ತೊಟ್ಟ ಸಿಬ್ಬಂದಿ ನಾಟಕದ ಮಾತಾಡದೆ, ಕೈಯಲ್ಲಿರುವ ಕೆಲಸವನ್ನು ನಿಲ್ಲಿಸದೆ ಉತ್ತರ ಕೊಡುತ್ತಾರೆ. ಇದನ್ನು ನಾನು ತುಂಬ ಮೆಚ್ಚಿದೆ. ಒಲೆಗೆ ಸೌದೆ ಹಾಕುತ್ತಲೇ ಬ್ರೆಡ್ಡಿನ ಹಿಟ್ಟು ನಾದುವ ಹೆಂಗಸು, ಕೋಳಿಯ ಮೊಟ್ಟೆ ಮತ್ತು ಮನೆಯ ಬೆಣ್ಣೆ ಮಾರಿದ ಹಣದಿಂದಲೇ ಆ ಕಾಲದ ಗೃಹಿಣಿ ಸಕ್ಕರೆ, ಕಾಫಿ, ಬಟ್ಟೆ ತರುತ್ತಿದ್ದಳೆಂದು ವಿವರಿಸುವಾಗ, ನನ್ನ ಹೆಂಡತಿಗೆ ಭಾಷಾಂತರ ಬೇಕಾಗಲಿಲ್ಲ.

ಇಲ್ಲಿನ ಪರ್ಶೆರಾನ್ ಕುದುರೆಗಳ ಮುಂದೆ ನಿಂತರೆ ಮನುಷ್ಯ ಚಿಕ್ಕವನಾಗುತ್ತಾನೆ. ಫ್ರಾನ್ಸಿನ ಪೆರ್ಶ್ ಪ್ರಾಂತ್ಯದಿಂದ ಬಂದ ಈ ತಳಿಯ ಒಂದು ಕುದುರೆ 800 ಕಿಲೋಗೂ ಹೆಚ್ಚು ತೂಗುತ್ತದೆ, ಅಂದರೆ ನಮ್ಮ ಒಂದು ಜೊತೆ ಹಳ್ಳಿಕಾರ್ ಎತ್ತುಗಳ ತೂಕ ಹೆಚ್ಚುಕಡಿಮೆ ಒಂದೇ ಮೈಯಲ್ಲಿ. ಒಂದೇ ಜೋಳದ ಹೊಲಕ್ಕೆ ಉಳುವಾಗ, ಹರಗುವಾಗ, ಬಿತ್ತುವಾಗ, ಎಡೆ ಹೊಡೆಯುವಾಗ ಎಷ್ಟು ಸಲ ಕುದುರೆ ನಡೆಯಬೇಕಿತ್ತೆಂದು ಅವರು ಹೇಳುವುದನ್ನು ಕೇಳಿದರೆ, ಕುದುರೆಯ ಗೊರಸಿನ ಗಾತ್ರ ಏಕೆ ಅಷ್ಟಿದೆಯೆಂದು ತಿಳಿಯುತ್ತದೆ. ಗಂಟು ಹಾಕಿದ ತಂತಿಯನ್ನು ಹೊಲದ ಉದ್ದಕ್ಕೂ ಎಳೆದು, ಪ್ರತಿ ಗಂಟಿಗೂ ಬೀಜ ಬೀಳುವಂತೆ ಬಿತ್ತಿದರೆ ಗಿಡಗಳು ಚದುರಂಗದ ಮನೆಗಳಂತೆ ಚೌಕವಾಗಿ ನಿಲ್ಲುತ್ತವೆ. ಆಗ ಉದ್ದಕ್ಕೂ ಅಡ್ಡಕ್ಕೂ ಎಡೆ ಹೊಡೆಯಬಹುದು. ಕಳೆನಾಶಕವಿಲ್ಲದ ಕಾಲದ ಈ ಜಾಣತನವನ್ನು ನಮ್ಮ ರಾಗಿ ಹೊಲಗಳ ಕುಂಟೆಯ ಜೊತೆಗಿಟ್ಟು ನೋಡುವುದು ಒಂದು ಸುಖ.

ಆದರೆ ಪಶುವೈದ್ಯನಾಗಿ ನಾನು ಹೇಳಲೇಬೇಕಾದ ಮಾತು ಬೇರೆ. ಕುದುರೆ ಎಳೆಯುವುದು ಕಾಣುತ್ತದೆ, ಹುಟ್ಟುವುದು ಕಾಣುವುದಿಲ್ಲ. ಹೆಣ್ಣು ಕುದುರೆ ಹನ್ನೊಂದು ತಿಂಗಳು ಗಬ್ಬ ಹೊತ್ತು ಅದರಲ್ಲೇ ಹೊಲದ ಕೆಲಸವನ್ನೂ ಮಾಡುತ್ತಿತ್ತು. ವಸಂತದಲ್ಲಿ ಬೀಜದ ಗಂಡು ಕುದುರೆಯನ್ನು ಹಿಡಿದುಕೊಂಡು ಒಬ್ಬ ಊರೂರು ತಿರುಗುತ್ತಿದ್ದ. ಒಳ್ಳೆಯ ಗಂಡು ಕುದುರೆಯ ಬೆಲೆ ಒಬ್ಬನಿಗೆ ಎಟುಕದಿದ್ದಾಗ ಹತ್ತಾರು ರೈತರು ಪಾಲು ಹಾಕಿ ಕೊಳ್ಳುತ್ತಿದ್ದರು. ಹುಟ್ಟಿದ ಮರಿಯನ್ನು ಎರಡು ಮೂರು ವರ್ಷಕ್ಕೆ ಪಳಗಿಸಿ, ಕೆಲಸ ಮಾಡಿಸುತ್ತಲೇ ಬೆಳೆಸಿ, ಬಲ ಬಂದ ಮೇಲೆ ನಗರದ ಬಂಡಿಗಳಿಗೆ ಮಾರುತ್ತಿದ್ದರು. ಹೊಲದ ಯಂತ್ರವೇ ಇನ್ನೊಂದು ಯಂತ್ರವನ್ನು ಹೆತ್ತು ಲಾಭ ತರುತ್ತಿದ್ದ ಆ ಲೆಕ್ಕವನ್ನು ಟ್ರ್ಯಾಕ್ಟರ್ ಬಂದಾಗ ಹಳೆಯ ರೈತರು ಬಿಡಲಾರದೆ ಬಿಟ್ಟರು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅಮೆರಿಕದಲ್ಲಿ ಕುದುರೆ ಮತ್ತು ಹೇಸರಗತ್ತೆಗಳು ಸೇರಿ 2.5 ಕೋಟಿಗೂ ಹೆಚ್ಚಿದ್ದವು; ಅಲ್ಲಿಂದ ಮುಂದೆ ಇಳಿದದ್ದೇ ಇಳಿದದ್ದು.

ಹಂದಿಯ ವಿಷಯದಲ್ಲಿಯೂ ಇದೇ. ಅಯೋವಾದ ರೈತ ಜೋಳವನ್ನು ಜೋಳವಾಗಿ ಮಾರುವುದಕ್ಕಿಂತ ಹಂದಿಗೆ ತಿನ್ನಿಸಿ ನಡೆಸಿಕೊಂಡು ಹೋಗಿ ಮಾರುವುದು ಲಾಭವೆಂದು ಬೇಗ ಕಲಿತ, ಸಾಲ ತೀರಿಸಿಕೊಡುವ ಪ್ರಾಣಿಯೆಂದೇ ಹಂದಿಗೆ ಹೆಸರು ಬಂತು. ಓಹಾಯೋದಲ್ಲಿ ರೂಪುಗೊಂಡ ಪೋಲೆಂಡ್ ಚೈನಾ ತಳಿಗೆ 1872ರಲ್ಲಿ ಆ ಹೆಸರು ನಿಂತಿತು. ಅದು ಪೋಲೆಂಡಿನದೂ ಅಲ್ಲ, ಪೂರ್ತಿ ಚೀನಾದ್ದೂ ಅಲ್ಲ. ಆಗ ಕೊಬ್ಬು ಬೇಕಿತ್ತು, ಆದ್ದರಿಂದ ಕೊಬ್ಬಿನ ಹಂದಿಯನ್ನೇ ಆರಿಸಿ ಬೆಳೆಸಿದರು. ಮುಂದೆ ಜನರ ಬಾಯಿರುಚಿ ಬದಲಾದಾಗ ಅದೇ ತಳಿಗಳನ್ನು ಉದ್ದವಾಗಿ, ತೆಳ್ಳಗೆ ಮಾಡಲು ಮಕ್ಕಳು ಮೊಮ್ಮಕ್ಕಳು ಮತ್ತೆ ದುಡಿದರು. ಇಷ್ಟೆಲ್ಲದರ ಮಧ್ಯೆ ಹಂದಿಜ್ವರ (ಮನುಷ್ಯರಿಗೆ ಬರುವ ಎಚ್1ಎನ್1 ಅಲ್ಲ, ಹಂದಿಗಳನ್ನು ಕೊಲ್ಲುವ ಹಾಗ್ ಕಾಲರಾ) ಬಂದರೆ ಇಪ್ಪತ್ತು ವರ್ಷ ಆರಿಸಿ ಕೂಡಿಸಿದ ಹಿಂಡು ಎರಡು ವಾರದಲ್ಲಿ ಹೋಗುತ್ತಿತ್ತು. 1900ರಲ್ಲಿ ಅದಕ್ಕೆ ಮದ್ದಿರಲಿಲ್ಲ. ಅದಾದ ಕೆಲವೇ ವರ್ಷಗಳಲ್ಲಿ, ಇಲ್ಲಿಂದ ಉತ್ತರಕ್ಕಿರುವ ಏಮ್ಸ್ ಊರಿನ ಬಳಿ ಮೇರಿಯನ್ ಡೋರ್ಸೆಟ್ ಮತ್ತು ಜೊತೆಗಾರರು ಅದಕ್ಕೆ ಸೀರಮ್ ಸಿದ್ಧಪಡಿಸಿದರು. ರೋಗ ಈ ದೇಶದಿಂದ ಪೂರ್ತಿ ಹೋದದ್ದು 1978ರಲ್ಲಿ. ಹೊಲದ ಅಂಗಳದಲ್ಲಿ ಕೆಸರಿನಲ್ಲಿ ಹೊರಳುವ ಹಂದಿಯನ್ನು ನೋಡಿ ನಕ್ಕು ಮುಂದೆ ಹೋಗುವವರು ಇದನ್ನು ತಿಳಿದು ನೋಡಿದರೆ ನೋಟ ಬೇರೆಯಾಗುತ್ತದೆ.

ಒಂದು ದಿನದ ಭೇಟಿ ಏನನ್ನು ತೋರಿಸಬಲ್ಲದು, ಏನನ್ನು ತೋರಿಸಲಾರದು ಎಂಬ ಪ್ರಶ್ನೆ ನನ್ನನ್ನು ಜೂನ್‌ನಿಂದ ಅಕ್ಟೋಬರ್‌ವರೆಗೆ ಕಾಡಿತು. ರೈತನ ದುಡಿಮೆಯನ್ನು ತೋರಿಸಬಹುದು, ಇಲ್ಲಿ ಅದನ್ನು ಬಹಳ ಚೆನ್ನಾಗಿ ತೋರಿಸಿದ್ದಾರೆ. ತಳಿಗಾರನ ಕೆಲಸವಾದರೋ ಆರಿಸುವುದು ಮತ್ತು ಕಾಯುವುದು. ಇವೆರಡೂ ಕಣ್ಣಿಗೆ ಕಾಣುವ ಕೆಲಸಗಳಲ್ಲ. ಒಂದು ಹೋರಿಯನ್ನು ಈ ವರ್ಷ ಕೊಟ್ಟರೆ ಕರು ಹುಟ್ಟುವುದು ಬರುವ ವರ್ಷ, ಆ ಕರು ಕಡಸಾಗಿ ಈಯುವುದು ಅದಾದ ಎರಡೂವರೆ ಮೂರು ವರ್ಷಕ್ಕೆ, ಹೋರಿಯ ಆಯ್ಕೆ ಸರಿಯೋ ತಪ್ಪೋ ತಿಳಿಯುವುದು ಆಮೇಲೆ. ನಲವತ್ತು ವರ್ಷ ಬೇಸಾಯ ಮಾಡಿದವನಿಗೆ ಇಂಥ ಹತ್ತು ಹನ್ನೆರಡು ಅವಕಾಶಗಳಷ್ಟೇ ಸಿಗುತ್ತವೆ. ಇಡೀ ಜೀವನಕ್ಕೆ ಹನ್ನೆರಡು ತೀರ್ಮಾನ! ನಮ್ಮ ಕಾಲದಲ್ಲಿ ಹೆಸರಘಟ್ಟದಿಂದ ಘನೀಕೃತ ವೀರ್ಯದ ನಳಿಕೆಗಳನ್ನು ದ್ರವ ಸಾರಜನಕದ ಡಬ್ಬದಲ್ಲಿ ತಂದು ಒಂದು ದಿನಕ್ಕೆ ಹತ್ತು ಹಸುಗಳಿಗೆ ಕೊಟ್ಟ ನನ್ನಂಥವನಿಗೂ ಈ ಲೆಕ್ಕ ಮೈ ನಡುಗಿಸುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು 1900ರ ಹೊಲದಲ್ಲಿ ನಿಂತಾಗ ನನಗೆ ನೆನಪಾದವನು ವಾರನ್ ಗ್ಯಾಮನ್. ಡೆಮೊಯ್ನ್ ಭಾಗದವನೇ ಆದ ಈತ ಹಿಯರ್‌ಫರ್ಡ್ ತಳಿಯ ಮಾಂಸದ ದನ ಸಾಕುತ್ತಿದ್ದ. ಕೆಂಪು ಮೈ, ಬಿಳಿ ಮುಖ, ಉದ್ದ ಕೊಂಬಿನ ದನ. ರೈಲಿನಲ್ಲಿ ಒತ್ತೊತ್ತಾಗಿ ತುಂಬಿ ಷಿಕಾಗೊಗೆ ಕಳಿಸುವಾಗ ಆ ಕೊಂಬುಗಳು ಒಂದರ ಪಕ್ಕೆಯನ್ನು ಇನ್ನೊಂದು ಸೀಳುತ್ತಿದ್ದವು. ಕೊಂಬು ಕೊಯ್ಯುವುದು ಎಂಥ ಕ್ರೂರ ಕೆಲಸವೆಂದು ಅದನ್ನು ಮಾಡಿದ ಕೈಗೆ ಗೊತ್ತು. ಹುಟ್ಟಿನಿಂದಲೇ ಕೊಂಬಿಲ್ಲದ ಹಿಯರ್‌ಫರ್ಡ್ ಇದ್ದರೆ? ಆ ತಳಿಯಲ್ಲಿ ಎಲ್ಲೋ ಒಂದು ಅಂಥ ಬೋಡು ಕರು ತಾನಾಗಿ ಹುಟ್ಟುವುದುಂಟು, ಆದರೆ ಸಾಕಿದವರು ಅದನ್ನು ಕುಂದೆಂದು ತಿಳಿದು ಮುಚ್ಚಿಡುತ್ತಿದ್ದರು ಅಥವಾ ಕಸಾಯಿಗೆ ಕೊಡುತ್ತಿದ್ದರು. 1901ರಲ್ಲಿ ಗ್ಯಾಮನ್ ದೇಶದ ಸುಮಾರು 2,500 ಹಿಯರ್‌ಫರ್ಡ್ ತಳಿಗಾರರಿಗೆ ಪತ್ರ ಬರೆದು, ನಿಮ್ಮ ಹಿಂಡಿನಲ್ಲಿ ಕೊಂಬಿಲ್ಲದ ಶುದ್ಧ ತಳಿಯ ದನವಿದೆಯೇ ಎಂದು ಕೇಳಿದ. ಆ ಹುಡುಕಾಟದ ಕೊನೆಗೆ ಅವನು ಕೊಂಡು ತಂದದ್ದು 11 ದನ: ನಾಲ್ಕು ಹೋರಿ, ಏಳು ಹಸು. ಇಂದು ಜಗತ್ತಿನ ಎಲ್ಲೆಡೆ ಇರುವ ಪೋಲ್ಡ್ ಹಿಯರ್‌ಫರ್ಡ್ ದನಗಳಿಗೆ ಆ ಹನ್ನೊಂದೇ ಬುನಾದಿ.

ಕೊಂಬಿಲ್ಲದಿರುವುದು ಪ್ರಬಲ ಗುಣ, ಆದ್ದರಿಂದ ಒಂದು ಬೋಡು ಹೋರಿಯನ್ನು ಕೊಂಬಿನ ಹಸುಗಳಿಗೆ ಕೊಟ್ಟರೂ ಕಡಿಮೆಯೆಂದರೆ ಸುಮಾರು ಅರ್ಧದಷ್ಟು ಕರುಗಳು ಬೋಡಾಗಿಯೇ ಹುಟ್ಟುತ್ತವೆ. ನಮಗೆ ಇದು ಪಠ್ಯಪುಸ್ತಕದ ಮೊದಲ ಪಾಠ. ಮರೆತುಹೋಗಿದ್ದ ಮೆಂಡೆಲ್‌ನ ನಿಯಮಗಳು ಯುರೋಪಿನಲ್ಲಿ ಮತ್ತೆ ಬೆಳಕಿಗೆ ಬಂದದ್ದೇ 1900ರಲ್ಲಿ, ಅಂದರೆ ಈ ಹೊಲದ ಗೋಡೆಯ ಮೇಲಿನ ವರ್ಷದಲ್ಲಿ. ಅಯೋವಾದ ಕೊಟ್ಟಿಗೆಗೆ ಆ ಸುದ್ದಿ ಮುಟ್ಟುವ ಮೊದಲೇ ಒಬ್ಬ ರೈತ ಅಂಚೆಚೀಟಿ ಅಂಟಿಸುತ್ತ ಕೂತಿದ್ದ. ಅವನ ಮಗನೂ ಆ ತಳಿಯ ಸಂಘದ ಕೆಲಸದಲ್ಲೇ ಬದುಕು ಸವೆಸಿದ.

ಗ್ಯಾಮನ್ನನ ಕಥೆಗಾಗಿ ನೀವು ಇಲ್ಲಿಗೆ ಬರಬೇಕಾಗಿಲ್ಲ. ಅದನ್ನು ಓದಿಕೊಂಡು ಬಂದರೆ ಇಲ್ಲಿನ ಕೊಟ್ಟಿಗೆ ನಿಮಗೆ ಇನ್ನೊಂದು ರೀತಿಯಲ್ಲಿ ತೆರೆದುಕೊಳ್ಳುತ್ತದೆ ಎಂಬುದಷ್ಟೇ ನನ್ನ ಅಭಿಪ್ರಾಯ. ಸಿಬ್ಬಂದಿಯ ಬಳಿ ‘ಈ ಹಸುವಿನ ಹೆಸರೇನು’ ಎಂದು ಕೇಳುವ ಬದಲು ‘ಇದರ ಅಮ್ಮ ಯಾವುದು, ಇದನ್ನೇ ಏಕೆ ಇಟ್ಟುಕೊಂಡಿರಿ’ ಎಂದು ಕೇಳಿ ನೋಡಿ. ಇಂಥ ಪ್ರಶ್ನೆಗೆ ಅವರ ಮುಖ ಅರಳುವುದನ್ನು ನಾನು ಕಂಡಿದ್ದೇನೆ. ಹೊಲದ ಕೆಲಸವನ್ನು ನಿಜವಾಗಿ ಮಾಡುವವರಿಗೆ ಮಾತ್ರ ಬರುವ ಉತ್ತರಗಳು ನನಗೆ ಸಿಕ್ಕವು.

ಯಾವ ತಿಂಗಳು ಹೋಗಬೇಕೆಂದು ಕೇಳಿದರೆ, ಅಕ್ಟೋಬರ್ ಎನ್ನುತ್ತೇನೆ. ಹೊಲಗಳು ತೆರೆದಿರುವುದು ಸಾಮಾನ್ಯವಾಗಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ. ದಿನ ಮತ್ತು ಸಮಯ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. ಜುಲೈ, ಆಗಸ್ಟ್‌ನಲ್ಲಿ ಜೋಳದ ಗಿಡಗಳೇ ಬೆವರಿದಂತೆ ಗಾಳಿ ತೇವವಾಗಿ, ಮಂಗಳೂರಿನ ಮೇ ತಿಂಗಳು ನೆನಪಾಗುತ್ತದೆ. ಅಕ್ಟೋಬರ್‌ನಲ್ಲಾದರೆ ಜೋಳ ಒಣಗಿ ನಿಂತಿರುತ್ತದೆ. ಅಂಗೈಗೆ ಕಟ್ಟಿಕೊಂಡ ಕಬ್ಬಿಣದ ಕೊಕ್ಕೆಯಿಂದ ಸಿಪ್ಪೆ ಸೀಳಿ, ತೆನೆ ಮುರಿದು, ತಿರುಗಿಯೂ ನೋಡದೆ ಬಂಡಿಗೆ ಎಸೆಯುವುದನ್ನು, ಆ ತೆನೆ ಬಂಡಿಯ ಒಂದು ಬದಿಗೆ ಎತ್ತರಿಸಿ ನಿಲ್ಲಿಸಿದ ಹಲಗೆಗೆ ಬಡಿದು ಒಳಗೆ ಬೀಳುವುದನ್ನು ನೋಡಬೇಕು. ಕುದುರೆಗಳು ಯಾರೂ ಹಗ್ಗ ಹಿಡಿಯದಿದ್ದರೂ ಮಾತಿಗೆ ಓಗೊಟ್ಟು ಸಾಲಿನಿಂದ ಸಾಲಿಗೆ ತಾವೇ ನಡೆಯುತ್ತವೆ. ಈ ತೆನೆ ಮುರಿಯುವ ಕೆಲಸವೇ 1924ರಿಂದ ದೊಡ್ಡ ಸ್ಪರ್ಧೆಯಾಗಿ ಬೆಳೆಯಿತು. ಅದನ್ನು ಹುಟ್ಟುಹಾಕಿದ ಹೆನ್ರಿ ವಾಲೇಸ್, ಜೋಳದ ಮಿಶ್ರತಳಿ ಮತ್ತು ಕೋಳಿಯ ತಳಿ ಎರಡರಲ್ಲೂ ಕೈಯಾಡಿಸಿ, ಮುಂದೆ ದೇಶದ ಉಪಾಧ್ಯಕ್ಷನೂ ಆದ ಅಯೋವಾದವನು.

ಊಟದ ವಿಷಯ ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ. ಚಳಿಗಾಲದಲ್ಲಿ 1900ರ ಮನೆಯಲ್ಲಿ ಸೌದೆ ಒಲೆಯ ಮೇಲೆ ಮಾಡಿದ ಆ ಕಾಲದ ಊಟವನ್ನು ಮುಂಗಡ ಕಾಯ್ದಿರಿಸಿದವರಿಗೆ ಬಡಿಸುತ್ತಾರೆ. ಸಸ್ಯಾಹಾರಿಗಳು ಮೊದಲೇ ಮಾತಾಡಿಕೊಳ್ಳುವುದು ಕ್ಷೇಮ. ಮೊದಲ ಭೇಟಿಯ ದಿನ ನಾವು ಹಿಂದಿರುಗುವಾಗ ಹೆದ್ದಾರಿ ಬದಿಯ ಒಂದು ಹೋಟೆಲಿಗೆ ಹೋಗಿ, ಹಂದಿಮಾಂಸದ ದೊಡ್ಡ ಸ್ಯಾಂಡ್‌ವಿಚ್ ಬಿಟ್ಟು ನಮಗೆ ತಿನ್ನಲು ಆಲೂಗಡ್ಡೆಯ ಹೊರತು ಏನೂ ಸಿಗದೆ ಬಂದೆವು. ಎರಡನೆಯ ಸಲ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋದೆವು. ನಾಲ್ಕು ಗಂಟೆಗಿಂತ ಕಡಿಮೆ ಸಮಯ ಇಟ್ಟುಕೊಂಡು ಬರಬೇಡಿ, ಒಳ್ಳೆಯ ಬೂಟು ಹಾಕಿಕೊಳ್ಳಿ, ಮಳೆ ಬಂದ ಮರುದಿನ ಸೀರೆಯುಟ್ಟವರಿಗೆ ಕೆಸರು ತಪ್ಪಿದ್ದಲ್ಲ.

ಒಂದು ಕೊರತೆಯೆಂದರೆ, ಅದನ್ನು ಕೊರತೆ ಎನ್ನಬಹುದಾದರೆ, ಇಲ್ಲಿನ ಕಥೆ 1900ಕ್ಕೆ ನಿಲ್ಲುವುದು. ಆಗ ಅಯೋವಾದಲ್ಲಿ ಸುಮಾರು 2.28 ಲಕ್ಷ ಹಿಡುವಳಿಗಳಿದ್ದವು, ಸರಾಸರಿ 150 ಎಕರೆಯಷ್ಟು. ಈಗ ಉಳಿದಿರುವುದು 87 ಸಾವಿರದಷ್ಟು. ಉಳಿದವರು ಎಲ್ಲಿಗೆ ಹೋದರು, ಅವರ ಹಿಂಡುಗಳು ಏನಾದವು ಎಂಬುದನ್ನು ತಿಳಿಯಲು ಬೇಲಿಯ ಆಚೆ ನೋಡಿದರೆ ಸಾಕು: ಒಂದು ಕಡೆ ಅಂತರರಾಜ್ಯ ಹೆದ್ದಾರಿಯ ಲಾರಿಗಳ ಸಾಲು, ಇನ್ನೊಂದು ಕಡೆ ಕಚೇರಿ ಕಟ್ಟಡಗಳು. ನನ್ನ ಮಗಳೂ ಅಂಥದ್ದೇ ಒಂದು ಕಟ್ಟಡದಲ್ಲಿ ಕೆಲಸ ಮಾಡುತ್ತಾಳೆ.

ಜೂನ್‌ನಲ್ಲಿ ಎತ್ತಿನ ಮುಂದೆ ನಿಂತು, ಹಲ್ಲು ನೋಡಿ ವಯಸ್ಸು ಹೇಳುವುದು ಹೇಗೆಂದು ನಾನು ಮೊಮ್ಮಗನಿಗೆ ಕನ್ನಡದಲ್ಲಿ ವಿವರಿಸಿದ್ದೆ: ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿತು. ಅಕ್ಟೋಬರ್‌ನಲ್ಲಿ ಅವನು ನನ್ನ ಕೈ ಬಿಡಿಸಿಕೊಂಡು ನೇರವಾಗಿ 1850ರ ಹೊಲದ ಎತ್ತುಗಳ ಹತ್ತಿರ ಓಡಿ, ಅಲ್ಲಿದ್ದ ಸಿಬ್ಬಂದಿಯನ್ನು ಇಂಗ್ಲಿಷಿನಲ್ಲಿ ಕೇಳಿದ್ದು, ‘ಇದಕ್ಕೆ ಈಗ ಎಷ್ಟು ಹಲ್ಲು?’ ಆಕೆ ನಕ್ಕು, ಎತ್ತಿನ ದವಡೆಗೆ ಕೈ ಹಾಕಿ ತುಟಿ ಬಿಡಿಸಿ ತೋರಿಸಿದಳು.